ಅನುಕಲದ ಬೆಲೆ ಋಣಾತ್ಮಕವಾಗಿ ಬರುತ್ತಿದೆ: ಗಣಕದ ಯಾವ ಅಂಕಿಯನ್ನು ನಂಬಬೇಕು?

ಸಂಖ್ಯಾಸಕ್ತೆ:
ಎಲ್ಲರಿಗೂ ನಮಸ್ಕಾರ. ಎಕ್ಸ್‌ನ ಎನ್‌ನೇ ಘಾತವನ್ನು ಇ-ಯ (ಎಕ್ಸ್ − 1)ನೇ ಘಾತದಿಂದ ಗುಣಿಸಿ, 0ಯಿಂದ 1ರವರೆಗೆ ಅನುಕಲಿಸಿದರೆ ಬರುವ ಬೆಲೆಯನ್ನು ಐ(ಎನ್) ಎನ್ನೋಣ. ಖಂಡಶಃ ಅನುಕಲನದಿಂದ ಸಿಗುವ ಸೂತ್ರ ಹೀಗಿದೆ:

ಐ(ಎನ್) = 1 − ಎನ್ × ಐ(ಎನ್ − 1), ಐ(0) = 1 − 1/ಇ

ಇದನ್ನು ಪೈಥಾನ್‌ನಲ್ಲಿ ಡಬಲ್ ಪ್ರಿಸಿಶನ್‌ನಲ್ಲಿ (ಸುಮಾರು 16 ಅಂಕಿಗಳ ನಿಖರತೆ) ಲೂಪ್ ಹಾಕಿ ಓಡಿಸಿದಾಗ ಮೊದಮೊದಲು ಸರಿಯೆನಿಸುವ ಅಂಕಿಗಳೇ ಬರುತ್ತವೆ. ಆದರೆ ಐ(18) ಋಣಾತ್ಮಕವಾಗಿ, ಐ(20) ಸುಮಾರು −30 ಆಗಿಬಿಡುತ್ತದೆ. ಅನುಕಲಿಸುವ ಉತ್ಪನ್ನ ಎಲ್ಲಿಯೂ ಋಣವಲ್ಲದಿರುವಾಗ ಇದು ಅಸಾಧ್ಯ. 50 ಅಂಕಿಗಳ ನಿಖರತೆಯಲ್ಲಿ ಓಡಿಸಿದರೆ ಐ(20) = 0.04554488 ಎಂದು ಬರುತ್ತದೆ. ಇದನ್ನು ನಂಬಬಹುದೇ?

ದಶಮಾಂಶ:
ಐ(20)ರ ಮಟ್ಟಿಗೆ ನಂಬಬಹುದು, ಆದರೆ ಅಂಕಿಗಳನ್ನು ಹೆಚ್ಚಿಸಿದ್ದರಿಂದ ರೋಗ ವಾಸಿಯಾಗಿಲ್ಲ, ಮುಂದಕ್ಕೆ ಹೋಗಿದೆ ಅಷ್ಟೆ. ಐ(0) ಅಭಾಗಲಬ್ಧ ಸಂಖ್ಯೆಯಾದ್ದರಿಂದ ಅದನ್ನು ಸ್ಮೃತಿಯಲ್ಲಿ ಇರಿಸುವಾಗಲೇ 10ರ −17ನೇ ಘಾತದ ಆಸುಪಾಸಿನ ರೌಂಡಾಫ್ ದೋಷ (ಹಿಡಿಸದ ಅಂಕಿಗಳನ್ನು ಕೈಬಿಡುವುದರಿಂದ ಆಗುವ ತಪ್ಪು) ಸೇರಿಕೊಳ್ಳುತ್ತದೆ. ನಿಮ್ಮ ಲೂಪಿನ ಪ್ರತಿ ಹೆಜ್ಜೆಯೂ ಆ ದೋಷವನ್ನು ಎನ್‌ನಿಂದ ಗುಣಿಸಿ ಚಿಹ್ನೆಯನ್ನು ತಿರುಗಿಸುತ್ತದೆ. 20ನೇ ಹೆಜ್ಜೆಗೆ ಅದು 20ರ ಫ್ಯಾಕ್ಟೋರಿಯಲ್‌ನಷ್ಟು, ಎಂದರೆ ಸುಮಾರು 2.4 × 10^18 ಪಟ್ಟು, ಬೆಳೆದಿರುತ್ತದೆ. ಸಾವಿರಾರು ಸಣ್ಣ ದೋಷಗಳು ಕೂಡಿ ಆದ ಅನಾಹುತ ಇದಲ್ಲ, ಮೊದಲನೆಯದೊಂದೇ ಸಾಕು. 50 ಅಂಕಿ ಹಿಡಿದರೂ ಎನ್ 40 ದಾಟುತ್ತಿದ್ದಂತೆ ಇದೇ ಪಾಡು.

ಸೂತ್ರವನ್ನು ಹಿಂದುಮುಂದಾಗಿ ಬಳಸಿ:

ಐ(ಎನ್ − 1) = (1 − ಐ(ಎನ್)) / ಎನ್

ಐ(40) = 0 ಎಂದು ಕಣ್ಣುಮುಚ್ಚಿ ಆರಂಭಿಸಿದರೂ, 20ಕ್ಕೆ ಇಳಿಯುವಷ್ಟರಲ್ಲಿ ಆ ತಪ್ಪು 40 × 39 × … × 21ರಿಂದ, ಎಂದರೆ 3 × 10^29ಕ್ಕೂ ಹೆಚ್ಚಿನ ಸಂಖ್ಯೆಯಿಂದ, ಭಾಗಿಸಲ್ಪಟ್ಟಿರುತ್ತದೆ. ನಡುವೆ ಸೇರುವ ರೌಂಡಾಫ್ ಕೂಡ ಹಾಗೆಯೇ ಕುಗ್ಗುತ್ತದೆ. ಸಾಧಾರಣ ಡಬಲ್‌ನಲ್ಲೇ 0.0455448841 ಸಿಗುತ್ತದೆ.

ಸಂಖ್ಯಾಸಕ್ತೆ:
ಧನ್ಯವಾದಗಳು ಸರ್, ಅದೇ ಬೆಲೆ ಬಂತು. ಎರಡು ದಾರಿಗಳ ಉತ್ತರ ಒಂದೇ ಆದದ್ದನ್ನು ಪುರಾವೆಯೆಂದು ಪ್ರಾಜೆಕ್ಟ್ ವರದಿಯಲ್ಲಿ ಬರೆಯಬಹುದೇ? ಸಿಂಗಲ್ (ಸುಮಾರು 7 ಅಂಕಿಗಳ ನಿಖರತೆ) ಮತ್ತು ಡಬಲ್ ಎರಡರಲ್ಲೂ ಓಡಿಸಿ ಉತ್ತರ ಹೊಂದಿದರೆ ಸಾಕೆಂದು ಸಹಪಾಠಿಗಳು ಹೇಳುತ್ತಾರೆ.

ದಶಮಾಂಶ:
ಭಿನ್ನ ದಾರಿಗಳು ಹೊಂದಿದರೆ ಭರವಸೆ ಹೆಚ್ಚುತ್ತದೆ, ಆದರೆ ಪುರಾವೆಯಾಗುವುದಿಲ್ಲ. ಒಂದೇ ದಾರಿಯನ್ನು ಬೇರೆ ಬೇರೆ ನಿಖರತೆಯಲ್ಲಿ ನಡೆಯುವುದಂತೂ ಇನ್ನೂ ದುರ್ಬಲವಾದ ಪರೀಕ್ಷೆ. ಜರ್ಮನಿಯ ಗಣಿತಜ್ಞ ಸೀಗ್‌ಫ್ರೀಡ್ ರುಂಪ್ 1988ರಲ್ಲಿ ಎರಡು ಚರಗಳ ಒಂದು ಉಕ್ತಿಯನ್ನು ಮುಂದಿಟ್ಟರು. 77617 ಮತ್ತು 33096 ಎಂಬ ಬೆಲೆಗಳಿಗೆ ಐಬಿಎಂ 370 ಗಣಕದಲ್ಲಿ ಸಿಂಗಲ್, ಡಬಲ್, ಅದಕ್ಕೂ ಹೆಚ್ಚು ಅಂಕಿಗಳ ಎಕ್ಸ್‌ಟೆಂಡೆಡ್ ಮೂರರಲ್ಲೂ ಅದು 1.1726… ಎಂದೇ ಕೊಟ್ಟಿತು. ನಿಜವಾದ ಬೆಲೆ −0.8273…, ಚಿಹ್ನೆಯೇ ತಪ್ಪು!

ನಿಮ್ಮಲ್ಲಿ ಗಣಕವನ್ನು ಮುಟ್ಟದೆಯೇ ಪುರಾವೆ ಸಿಗುತ್ತದೆ. 0 ಮತ್ತು 1ರ ನಡುವೆ ಎಕ್ಸ್‌ನ ಘಾತ ಏರಿದಷ್ಟೂ ಬೆಲೆ ಇಳಿಯುವುದರಿಂದ ಐ(ಎನ್) ಇಳಿಯುತ್ತಾ ಹೋಗುವ ಶ್ರೇಣಿ. ಐ(ಎನ್ + 1) ಧನಾತ್ಮಕವೂ ಐ(ಎನ್)ಗಿಂತ ಕಡಿಮೆಯೂ ಆಗಿರಬೇಕೆಂಬುದನ್ನು ಸೂತ್ರದಲ್ಲಿ ಹಾಕಿದರೆ, ಐ(ಎನ್) 1/(ಎನ್ + 2) ಮತ್ತು 1/(ಎನ್ + 1)ರ ನಡುವೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಐ(20) 0.04545 ಮತ್ತು 0.04762ರ ನಡುವೆ ಇರಲೇಬೇಕು.

ಸಂಖ್ಯಾಸಕ್ತೆ:
ಇದರಿಂದ ಮೊದಲ ಒಂದೆರಡು ಅಂಕಿಗಳಷ್ಟೇ ಖಚಿತವಾಗುತ್ತವೆ. ಹತ್ತು ಅಂಕಿಗಳನ್ನು ಕೋಷ್ಟಕದಲ್ಲಿ ಕೊಡಬೇಕೆಂದಿದ್ದರೆ?

ದಶಮಾಂಶ:
ಇದೇ ಮಿತಿಗಳನ್ನು 40ರಲ್ಲಿ ಹಾಕಿ. ಐ(40) 1/42 ಮತ್ತು 1/41ರ ನಡುವಿದೆ. ಈ ಎರಡು ತುದಿಗಳ ನಡುವಿನ ವ್ಯಾಪ್ತಿಯನ್ನೇ ಒಂದು ಸಂಖ್ಯೆಯಂತೆ ಹಿಡಿದು ಹಿಮ್ಮುಖವಾಗಿ ಇಳಿಯಿರಿ. ಪ್ರತಿ ಹೆಜ್ಜೆಯಲ್ಲೂ ಕೆಳತುದಿಯನ್ನು ಕೆಳಕ್ಕೆ, ಮೇಲ್ತುದಿಯನ್ನು ಮೇಲಕ್ಕೆ ರೌಂಡ್ ಮಾಡಬೇಕು. ಗಣಕಗಳ ಫ್ಲೋಟಿಂಗ್ ಪಾಯಿಂಟ್ ಲೆಕ್ಕಕ್ಕೆ ನಿಯಮ ಹಾಕಿದ 1985ರ ಐಇಇಇ 754 ಮಾನಕ ಇದಕ್ಕೆಂದೇ ದಿಕ್ಕು ಸೂಚಿಸುವ ರೌಂಡಿಂಗ್ ವಿಧಾನಗಳನ್ನು ಕಡ್ಡಾಯ ಮಾಡಿತ್ತು. 1ರಿಂದ ಕಳೆಯುವಾಗ ತುದಿಗಳು ಅದಲುಬದಲಾಗುತ್ತವೆ, ಕೈಯಾರೆ ಬರೆಯುವವರು ಎಡವುವುದು ಅಲ್ಲಿಯೇ. ಪೈಥಾನ್‌ನ ಎಂಪಿಮ್ಯಾತ್ ಲೈಬ್ರರಿಯಲ್ಲಿ ಇಂಥ ವ್ಯಾಪ್ತಿಗಳ ಲೆಕ್ಕ ಮಾಡುವ ಐವಿ ಭಾಗವನ್ನು ಬಳಸಿದರೆ ಆ ಚಿಂತೆಯಿಲ್ಲ. ಆದರೆ 1/42 ಮತ್ತು 1/41ನ್ನು ಸಾಧಾರಣ ಫ್ಲೋಟ್ ಆಗಿ ಭಾಗಿಸಿ ಅದರೊಳಗೆ ತುರುಕಬೇಡಿ, ಭಾಗಾಕಾರವನ್ನೂ ಐವಿಯಲ್ಲೇ ಮಾಡಿಸಿ. ಕೊನೆಗೆ ಎರಡೂ ತುದಿಗಳಲ್ಲಿ ಒಂದೇ ಆಗಿರುವ ಅಂಕಿಗಳನ್ನಷ್ಟೇ ಕೋಷ್ಟಕಕ್ಕೆ ಇಳಿಸಿ.