ಸಹಾಯ ಬೇಕು: ಉಪ್ಪುನೀರಿನ ಪೂಲ್‌ನಲ್ಲಿ ಪಿಎಚ್ ನಿಲ್ಲುತ್ತಲೇ ಇಲ್ಲ

ಎಲ್ಲರಿಗೂ ನಮಸ್ಕಾರ. ಶ್ರೀರಂಗಪಟ್ಟಣದ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಅಲ್ಲಿ ಸುಮಾರು 40,000 ಲೀಟರ್‌ನ ಉಪ್ಪುನೀರಿನ ಈಜುಕೊಳ. ಕಾವೇರಿ ಪಕ್ಕದಲ್ಲೇ ಹರಿದರೂ ನಮಗೆ ಬೋರ್‌ವೆಲ್ ನೀರೇ ಗತಿ, ಅದೂ ಸಿಕ್ಕಾಪಟ್ಟೆ ಗಡಸು.

ಉಪ್ಪು 3,200 ಪಿಪಿಎಂ, ಸರಿಯಾಗಿದೆ. ಕ್ಲೋರಿನ್ ಕೂಡ ಪರವಾಗಿಲ್ಲ. ತಲೆನೋವು ಪಿಎಚ್‌ದು. ಒಂದು ಲೀಟರ್ ಆಸಿಡ್ ಹಾಕಿದರೆ 7.5ಕ್ಕೆ ಇಳಿಯುತ್ತದೆ, ಮೂರೇ ದಿನಕ್ಕೆ ಮತ್ತೆ 8.2! ಆಲ್ಕಲಿನಿಟಿ (ಆಸಿಡ್ಡನ್ನು ತಟಸ್ಥಗೊಳಿಸುವ ನೀರಿನ ಶಕ್ತಿ) 180 ಪಿಪಿಎಂ, ಹಾರ್ಡ್‌ನೆಸ್ (ಗಡಸುತನ) 480 ಪಿಪಿಎಂ. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಸೆಲ್‌ನ ಪ್ಲೇಟ್‌ಗಳ ಮೇಲೆ ಇಡ್ಲಿ ಪಾತ್ರೆ ತಳದ ಹಾಗೆ ಬಿಳಿ ಪೊರೆ ಕಟ್ಟುತ್ತಿದೆ. ಎರಡು ಸಲ ಬಿಚ್ಚಿ, ನೀರು ಬೆರೆಸಿದ ಆಸಿಡ್‌ನಲ್ಲಿ ತೊಳೆದೆ. ಸೆಲ್ ಓಡುವ ಸಮಯವನ್ನು 10 ಗಂಟೆಯಿಂದ 7ಕ್ಕೆ ಇಳಿಸಿದೆ. ಸ್ವಲ್ಪ ನಿಧಾನ ಆಯಿತು, ಅಷ್ಟೇ. ಸೆಲ್‌ನಿಂದ ಏಳುವ ಗುಳ್ಳೆಗಳು ನೀರಿನಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೊರಗೆ ಓಡಿಸುತ್ತವೆ, ಅದಕ್ಕೇ ಪಿಎಚ್ ಏರುತ್ತದೆ ಅನ್ನುವುದು ಗೊತ್ತು.

ಕೆಮಿಕಲ್ ಅಂಗಡಿಯವರು ಅಡುಗೆ ಸೋಡಾ ಹಾಕಿ ಅಂದರು. ಅದರಿಂದ ಆಲ್ಕಲಿನಿಟಿ ಇನ್ನೂ ಜಾಸ್ತಿ ಆಗುತ್ತದೆ ಅಲ್ವಾ? ಸುಮ್ನೆ ತಲೆಯಾಡಿಸಿ ಬಂದೆ.

ಈಗ ಗೊಂದಲ ಇಷ್ಟೇ. ಆಸಿಡ್ ಹಾಕುತ್ತಲೇ ಆಲ್ಕಲಿನಿಟಿಯನ್ನು 70–80ಕ್ಕೆ ತರಬಹುದು, ಆದರೆ ಅದರಿಂದ ಹಾರ್ಡ್‌ನೆಸ್ ಇಳಿಯುವುದಿಲ್ಲ. ಮೂರನೇ ಒಂದು ಭಾಗ ನೀರು ತೆಗೆದು ಮಳೆನೀರು ತುಂಬಿಸಿದರೆ ಎರಡೂ ಇಳಿಯುತ್ತವೆ, ಆದರೆ ಉಪ್ಪೂ ಹೋಗುತ್ತದೆ, ಮತ್ತೆ ಮೂಟೆ ತರಬೇಕು.

ಗಡಸು ಬೋರ್ ನೀರಿನಲ್ಲಿ ಉಪ್ಪಿನ ಪೂಲ್ ನಡೆಸುತ್ತಿರುವವರು ಹೇಳಿ: ಮೊದಲು ಯಾವುದು ಮಾಡಲಿ, ಆಸಿಡ್ಡೋ ನೀರು ಬದಲಾವಣೆಯೋ? ಆಸಿಡ್ ಆದರೆ ಒಂದು ಸಲಕ್ಕೆ ಪಿಎಚ್ ಎಷ್ಟರವರೆಗೆ ಇಳಿಸಬಹುದು?