ಪೈರಜೋಲಿನ್ ಕಾಲಂನಲ್ಲಿ ಬೇರೆಯಾಗುತ್ತಿಲ್ಲ, ಎನ್‌ಎಂಆರ್‌ಗೆ ಕಳಿಸುವ ದಿನ ಹತ್ತಿರ (ಎಂ.ಎಸ್ಸಿ ನಾಲ್ಕನೇ ಸೆಮಿಸ್ಟರ್ ಪ್ರಾಜೆಕ್ಟ್)

ಆರ್ಗ್ಯಾನಿಕ್_ನಾಲ್ಕನೇ_ಸೆಮ್

ಎಲ್ಲರಿಗೂ ನಮಸ್ಕಾರ. ಪ್ರಾಜೆಕ್ಟ್‌ನಲ್ಲಿ 4-ಮೆಥಾಕ್ಸಿ ಅಸಿಟೋಫೀನೋನ್ ಮತ್ತು 4-ಕ್ಲೋರೋ ಬೆಂಜಾಲ್ಡಿಹೈಡ್‌ನಿಂದ ಚಾಲ್ಕೋನ್ (ಎರಡು ಬೆಂಜೀನ್ ಉಂಗುರಗಳ ನಡುವೆ ಡಬಲ್ ಬಾಂಡ್ ಮತ್ತು ಕಾರ್ಬೊನಿಲ್ ಇರುವ ಕೀಟೋನ್) ಮಾಡಿ, ಅದನ್ನು ಫಿನೈಲ್ ಹೈಡ್ರಜೀನ್ ಜೊತೆ ಅಸಿಟಿಕ್ ಆಸಿಡ್‌ನಲ್ಲಿ 5 ಗಂಟೆ ರಿಫ್ಲಕ್ಸ್ ಮಾಡಿ (ಆವಿ ತಣಿದು ಮರಳಿ ಇಳಿಯುವಂತೆ ಕುದಿಸಿ) ಪೈರಜೋಲಿನ್ (ಎರಡು ನೈಟ್ರೋಜನ್ ಇರುವ ಐದು ಪರಮಾಣುಗಳ ಉಂಗುರದ ಸಂಯುಕ್ತ) ಪಡೆಯಬೇಕು. 1 ಗ್ರಾಂ ಚಾಲ್ಕೋನ್‌ಗೆ 1.5 ಈಕ್ವಿವಲೆಂಟ್ (ಮೋಲ್ ಲೆಕ್ಕದಲ್ಲಿ ಒಂದೂವರೆ ಪಟ್ಟು) ಫಿನೈಲ್ ಹೈಡ್ರಜೀನ್. ಐಸ್ ನೀರಿಗೆ ಸುರಿದು ಸೋಸಿದಾಗ 1.2 ಗ್ರಾಂ ಕಂದು ಕ್ರೂಡ್ (ಇನ್ನೂ ಶುದ್ಧ ಮಾಡದ ಉತ್ಪನ್ನ) ಬಂದಿದೆ.

ಹೆಕ್ಸೇನ್–ಈಥೈಲ್ ಅಸಿಟೇಟ್ 8:2ರಲ್ಲಿ ಟಿಎಲ್‌ಸಿ (ಸಿಲಿಕಾ ಲೇಪಿಸಿದ ಪ್ಲೇಟ್ ಮೇಲಿನ ಪರೀಕ್ಷೆ) ಮೂರು ಸ್ಪಾಟ್ ಕೊಡುತ್ತಿದೆ: ಆರ್‌ಎಫ್ (ಸಾಲ್ವೆಂಟ್ ಏರಿದ ದೂರದಲ್ಲಿ ಸ್ಪಾಟ್ ಏರಿದ ಪಾಲು) 0.6 ಹತ್ತಿರ ಒಂದು (365 ನ್ಯಾನೋಮೀಟರ್ ಯುವಿಯಲ್ಲಿ ನೀಲಿ ಹೊಳಪು), ಅದರ ಕೆಳಗೇ ಅಂಟಿಕೊಂಡಂತೆ ಇನ್ನೊಂದು, ಬೇಸ್‌ಲೈನ್‌ನಲ್ಲಿ ಕಂದು ಕಲೆ. 60–120 ಮೆಶ್ (ಕಣದ ಗಾತ್ರ) ಸಿಲಿಕಾ 20 ಗ್ರಾಂ ಕಾಲಂಗೆ (ಗಾಜಿನ ಕೊಳವೆಗೆ) ಪ್ಯಾಕ್ ಮಾಡಿ ಅದೇ 8:2ರಲ್ಲಿ ಓಡಿಸಿದರೆ ಮೇಲಿನ ಎರಡೂ ಒಟ್ಟಿಗೇ ಇಳಿಯುತ್ತವೆ. ಮಧ್ಯದಲ್ಲಿ ಬೆಡ್ ಬಿರುಕು ಬಿಡುತ್ತದೆ. ಶುದ್ಧವಾಗಿ ಸಿಗುವುದು 0.3 ಗ್ರಾಂ, ಉಳಿದದ್ದೆಲ್ಲ ಮಿಶ್ರ ಫ್ರ್ಯಾಕ್ಷನ್. ಎನ್‌ಎಂಆರ್‌ಗೆ (ಅಣುವಿನ ರಚನೆ ತಿಳಿಸುವ ಪರೀಕ್ಷೆ) ಪ್ರತಿ ವಿದ್ಯಾರ್ಥಿಗೆ ಒಂದೇ ಸ್ಯಾಂಪಲ್. ಎಲ್ಲಿ ಬದಲಿಸಬೇಕು ಅಂತ ತಿಳಿದವರು ಹೇಳಿ.

ಸಿಲಿಕಾ_ಬೆಡ್

ನಿಮ್ಮ ವಿವರದಲ್ಲೇ ಕಾರಣ ಇದೆ. ಟಿಎಲ್‌ಸಿಯಲ್ಲಿ 0.6ಕ್ಕೆ ಏರುವ ಸಾಲ್ವೆಂಟ್ ಕಾಲಂಗೆ ತುಂಬಾ ಜೋರು. ಬೇಕಾದ ಸ್ಪಾಟ್ 0.2ರಿಂದ 0.3ರ ನಡುವೆ ನಿಲ್ಲುವ ಮಿಶ್ರಣ ಹುಡುಕಿ. 9:1, 95:5, 97:3 ಮೂರರಲ್ಲೂ ಪ್ಲೇಟ್ ಓಡಿಸಿ ನೋಡಿ. ಕಾಲಂನಲ್ಲಿ ಒಂದು ಸಂಯುಕ್ತ ಹೊರಬರಲು ಹಿಡಿಯುವ ಸಾಲ್ವೆಂಟ್, ಕಾಲಂ ವಾಲ್ಯೂಮ್ (ಬೆಡ್ ಒಳಗೆ ಹಿಡಿಯುವ ಸಾಲ್ವೆಂಟ್) ಲೆಕ್ಕದಲ್ಲಿ, ಹೆಚ್ಚುಕಮ್ಮಿ 1 ಭಾಗಿಸು ಆರ್‌ಎಫ್. 0.6 ಇದ್ದರೆ ಎರಡು ವಾಲ್ಯೂಮ್ ಮುಗಿಯುವ ಮೊದಲೇ ಹೊರಗೆ ಬರುತ್ತದೆ, ಬೇರೆಯಾಗಲು ಹಾದಿಯೇ ಸಿಗುವುದಿಲ್ಲ. 0.25 ಇದ್ದರೆ ನಾಲ್ಕು ವಾಲ್ಯೂಮ್ ಹಿಡಿಯುತ್ತದೆ, ಅಷ್ಟರಲ್ಲಿ ಕೆಳಗಿನ ಸ್ಪಾಟ್ ಹಿಂದೆ ಬೀಳುತ್ತದೆ.

ಎರಡನೆಯದು ಲೋಡ್. 1.2 ಗ್ರಾಂಗೆ 20 ಗ್ರಾಂ ಸಿಲಿಕಾ ಅಂದರೆ ಹದಿನೇಳು ಪಟ್ಟೂ ಇಲ್ಲ. ಸ್ಪಾಟ್‌ಗಳು ಇಷ್ಟು ಹತ್ತಿರ ಇರುವಾಗ 40 ಪಟ್ಟು ಬೇಕು, ಅಂದರೆ 50 ಗ್ರಾಂ, ಅದೂ 100–200 ಮೆಶ್. 60–120 ದಪ್ಪ ಕಣ, ಬೇಗ ಹರಿಯುತ್ತದೆ, ಆದರೆ ಬ್ಯಾಂಡ್ ಅಗಲವಾಗುತ್ತದೆ. 50 ಗ್ರಾಂ ಸಿಲಿಕಾ ಬೆಡ್ ಸುಮಾರು 100 ಮಿ.ಲೀ ಜಾಗ ತುಂಬುತ್ತದೆ, 3 ಸೆಂ.ಮೀ ಒಳವ್ಯಾಸದ ಕಾಲಂನಲ್ಲಿ 14 ಸೆಂ.ಮೀ ಎತ್ತರ. ಅದರೊಳಗೆ ಸಾಲ್ವೆಂಟ್ ಹಿಡಿಯುವುದು 80 ಮಿ.ಲೀ ಹತ್ತಿರ. ಹಾಗಾಗಿ ಮೊದಲ 80 ಮಿ.ಲೀ ಒಂದೇ ಕೋನಿಕಲ್ ಫ್ಲಾಸ್ಕಿನಲ್ಲಿ ಹಿಡಿಯಿರಿ. ಆಮೇಲೆ 15 ಮಿ.ಲೀ ಟೆಸ್ಟ್‌ಟ್ಯೂಬ್ ಫ್ರ್ಯಾಕ್ಷನ್. 0.25 ಕೊಡುವ ಒಂದೇ ಮಿಶ್ರಣ ಓಡಿಸಿದರೆ ನಿಮ್ಮ ಬ್ಯಾಂಡ್ 300 ಮಿ.ಲೀ ಆಸುಪಾಸಿನಲ್ಲಿ ಇಳಿಯಬೇಕು, ಹಂತವಾಗಿ ಏರಿಸಿದರೆ ಇನ್ನೂ ತಡವಾಗಿ. ಕೈಗೆ 365 ಯುವಿ ದೀಪ ಇದ್ದರೆ ಕತ್ತಲಲ್ಲಿ ಗಾಜಿನ ಮೇಲೇ ಹಿಡಿಯಿರಿ: ನೀಲಿ ಬ್ಯಾಂಡ್ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ. ಪೈರಜೋಲಿನ್ ಮಾಡುವವರಿಗೆ ಇರುವ ದೊಡ್ಡ ಅನುಕೂಲ ಇದು, ಬಿಡಬೇಡಿ.

ಬಿರುಕು ಎರಡು ಕಾರಣಕ್ಕೆ ಬರುತ್ತದೆ. ಒಂದು, ಸಾಲ್ವೆಂಟ್ ಮಟ್ಟ ಸಿಲಿಕಾಕ್ಕಿಂತ ಕೆಳಗೆ ಇಳಿದು ಗಾಳಿ ಹೊಕ್ಕುವುದು. ಇನ್ನೊಂದು, ಹೆಕ್ಸೇನ್‌ನಲ್ಲಿ ಪ್ಯಾಕ್ ಮಾಡಿದ ಬೆಡ್ ಮೇಲೆ ಒಮ್ಮೆಗೇ 20% ಈಥೈಲ್ ಅಸಿಟೇಟ್ ಸುರಿಯುವುದು. ಅದು ಸಿಲಿಕಾಗೆ ಅಂಟುವಾಗ ಶಾಖ ಹೊರಡುತ್ತದೆ, ಹೆಕ್ಸೇನ್ ಆವಿಯಾಗಿ ಗುಳ್ಳೆ ಏಳುತ್ತದೆ, ಬೆಡ್ ಸೀಳುತ್ತದೆ. 0, 2, 4, 5% ಹೀಗೆ ಏರಿಸಿ, ಪ್ರತಿ ಹಂತಕ್ಕೆ 100 ಮಿ.ಲೀ.

ಕ್ರೂಡ್ ಅನ್ನು ದ್ರಾವಣವಾಗಿ ಹಾಕಬೇಡಿ. ಸ್ವಲ್ಪ ಡೈಕ್ಲೋರೋಮೀಥೇನ್‌ನಲ್ಲಿ ಕರಗಿಸಿ, 3 ಗ್ರಾಂ ಸಿಲಿಕಾ ಬೆರೆಸಿ, ರೋಟಾವ್ಯಾಪ್‌ನಲ್ಲಿ (ಕಡಿಮೆ ಒತ್ತಡದಲ್ಲಿ ಸಾಲ್ವೆಂಟ್ ಆವಿ ಮಾಡುವ ಯಂತ್ರ) ಒಣಗಿಸಿ. ಫ್ಲಾಸ್ಕ್ ತಿರುಗಿಸಿದರೆ ಸಕ್ಕರೆಯಂತೆ ಸುರಿಯಬೇಕು. ಉಂಡೆ ಕಟ್ಟಿದ್ದರೆ ಇನ್ನೂ ಸಾಲ್ವೆಂಟ್ ಇದೆ ಅಂತ ಅರ್ಥ. ಆ ಪುಡಿಯನ್ನು ಬೆಡ್ ಮೇಲೆ ಸಮವಾಗಿ ಹರಡಿ, ಮೇಲೆ 1 ಸೆಂ.ಮೀ ಮರಳು. ಸಿಲಿಕಾ ತೂಗುವಾಗ ಮಾಸ್ಕ್ ಕಡ್ಡಾಯ, ಫ್ಯೂಮ್ ಹುಡ್ ಒಳಗೇ ತೂಗಿ.

ಸ್ಫಟಿಕ_ಪ್ರಿಯೆ

ಮೇಲಿನದೆಲ್ಲ ಸರಿ. ಆದರೂ ಕಾಲಂಗೆ ಮೊದಲು ಒಂದು ಕೇಳುತ್ತೇನೆ: ಇದಕ್ಕೆ ಕಾಲಂ ಬೇಕೇ ಬೇಕೆ? ಈ ತರಹದ ಟ್ರೈಆರಿಲ್ ಪೈರಜೋಲಿನ್‌ಗಳು ಎಥನಾಲ್‌ನಲ್ಲಿ ಚೆನ್ನಾಗಿ ಸ್ಫಟಿಕವಾಗುತ್ತವೆ. ಬೇಸ್‌ಲೈನ್ ಕಂದು ಕಲೆ ಹೆಚ್ಚಾಗಿ ಉಳಿದ ಹೈಡ್ರಜೀನ್ ಗಾಳಿಗೆ ಕೆಟ್ಟು ಆದ ಕಸ. ಅದನ್ನು ತೊಳೆದೇ ತೆಗೆಯಬಹುದು. ಕ್ರೂಡ್ ಅನ್ನು 40 ಮಿ.ಲೀ ಈಥೈಲ್ ಅಸಿಟೇಟ್‌ನಲ್ಲಿ ಕರಗಿಸಿ, ತಣ್ಣಗಿನ 5% ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಎರಡು ಸಲ ತೊಳೆಯಿರಿ: ಹೈಡ್ರಜೀನ್ ಲವಣವಾಗಿ ನೀರಿಗೆ ಹೋಗುತ್ತದೆ. ನಂತರ ಬೈಕಾರ್ಬನೇಟ್ (ಅಸಿಟಿಕ್ ಆಸಿಡ್ ಉಳಿದಿದ್ದರೆ ಗ್ಯಾಸ್ ಬರುತ್ತದೆ, ಸೆಪರೇಟಿಂಗ್ ಫನಲ್ ತಲೆಕೆಳಗು ಮಾಡಿ ಸ್ಟಾಪ್‌ಕಾಕ್ ಆಗಾಗ ತೆರೆಯಿರಿ), ಉಪ್ಪುನೀರು, ಒಣಗಿಸಲು ಸೋಡಿಯಂ ಸಲ್ಫೇಟ್. ಫಿನೈಲ್ ಹೈಡ್ರಜೀನ್ ಚರ್ಮದ ಮೂಲಕವೂ ಒಳಹೋಗುವ ವಿಷ. ಗ್ಲೌಸ್ ಇಲ್ಲದೆ ಆ ಫನಲ್ ಮುಟ್ಟಬೇಡಿ.

ಕೆಳಗೆ ಅಂಟಿಕೊಂಡಿರುವುದು ಉಳಿದ ಚಾಲ್ಕೋನ್ ಇರಬೇಕು. ಒಂದೇ ಪ್ಲೇಟ್‌ನಲ್ಲಿ ಮೂರು ಸಾಲು ಇಡಿ: ಚಾಲ್ಕೋನ್ ಮಾತ್ರ, ಚಾಲ್ಕೋನ್ ಮತ್ತು ಕ್ರೂಡ್ ಒಂದರ ಮೇಲೊಂದು, ಕ್ರೂಡ್ ಮಾತ್ರ. ಹೊಂದಿಕೊಂಡರೆ ರಿಯಾಕ್ಷನ್ ಮುಗಿದಿರಲಿಲ್ಲ ಎಂದಾಯಿತು. ಮುಂದಿನ ಬ್ಯಾಚ್‌ನಲ್ಲಿ ಗಂಟೆ ನೋಡಿ ನಿಲ್ಲಿಸುವ ಬದಲು ಚಾಲ್ಕೋನ್ ಸ್ಪಾಟ್ ಮಾಯವಾಗುವವರೆಗೆ ಬಿಡಿ. ಅದು ಮುಗಿದಿದ್ದರೆ ಒಂದು ಸ್ಫಟಿಕೀಕರಣ ಸಾಕು.

ಎಥನಾಲ್ ಕುದಿಯುವಾಗ ಸ್ವಲ್ಪ ಸ್ವಲ್ಪವೇ ಹಾಕಿ, ಪೂರ್ತಿ ಕರಗುವಷ್ಟೇ. ಬೆಂಚಿನ ಮೇಲೆ ತಾನಾಗಿ ಆರಲಿ, ನೇರ ಐಸ್‌ಗೆ ಇಟ್ಟರೆ ಎಣ್ಣೆಯಾಗಿ ಬೇರೆಯಾಗುತ್ತದೆ ಅಥವಾ ಕಸವನ್ನೂ ಹಿಡಿದುಕೊಂಡು ಬೀಳುತ್ತದೆ. ಎಣ್ಣೆಯಾದರೆ ಮತ್ತೆ ಬಿಸಿ ಮಾಡಿ, ಇನ್ನಷ್ಟು ಎಥನಾಲ್, ಗಾಜಿನ ಕಡ್ಡಿಯಿಂದ ಒಳಗೋಡೆ ಗೀಚಿ. ಮೆಲ್ಟಿಂಗ್ ಪಾಯಿಂಟ್ 1–2 ಡಿಗ್ರಿ ಒಳಗೆ ಕರಗಿದರೆ ಮುಂದೆ ಹೋಗಿ. ಮಿಶ್ರ ಫ್ರ್ಯಾಕ್ಷನ್‌ಗಳನ್ನು ಚೆಲ್ಲಬೇಡಿ, ಒಟ್ಟು ಮಾಡಿ ಒಣಗಿಸಿ ಇದೇ ದಾರಿಗೆ ಹಚ್ಚಿ.

ಧಾರವಾಡ_ಪಿಪಿಎಂ

ಎನ್‌ಎಂಆರ್ ವಿಚಾರಕ್ಕ ಬರೋಣ. 0.3 ಗ್ರಾಂ ಕಡಿಮಿ ಅಲ್ರಿ, ಭಾಳ ಆತು. ಪ್ರೋಟಾನ್‌ಗೆ 8–10 ಮಿ.ಗ್ರಾಂ, ಕಾರ್ಬನ್‌ಗೆ 25–30 ಮಿ.ಗ್ರಾಂ, 0.6 ಮಿ.ಲೀ ಸಿಡಿಸಿಎಲ್3 (ಡ್ಯೂಟೀರಿಯಂ ಇರೋ ಕ್ಲೋರೋಫಾರ್ಮ್). ಒಂದೇ ಅವಕಾಶ ಅಂದ್ರ ಸ್ಯಾಂಪಲ್ ಒಣಗಿಸೋದು ಮುಖ್ಯ. ಈಥೈಲ್ ಅಸಿಟೇಟ್ ರೋಟಾವ್ಯಾಪ್‌ನಾಗ ಪೂರ್ತಿ ಹೋಗಂಗಿಲ್ಲ. ಡೈಕ್ಲೋರೋಮೀಥೇನ್ ಹಾಕಿ ಎರಡು-ಮೂರು ಸಲ ಆವಿ ಮಾಡ್ರಿ, ಆಮ್ಯಾಲ ಹೈ ವ್ಯಾಕ್ಯೂಮ್‌ನಾಗ ರಾತ್ರಿಯಿಡೀ ಇಡ್ರಿ. ಇಲ್ಲಂದ್ರ 1.26, 2.05, 4.12 ಪಿಪಿಎಂಗೆ (ಎನ್‌ಎಂಆರ್ ಪಟ್ಟಿಯ ಅಳತೆ) ಈಥೈಲ್ ಅಸಿಟೇಟ್ ಪೀಕ್ ನಿಲ್ತಾವ. ಜಾಯಿಂಟ್‌ಗೆ ಹಚ್ಚಿದ ಗ್ರೀಸ್ 0.07 ಹತ್ರ, ನೀರು 1.56, ಸಾಲ್ವೆಂಟ್ 7.26.

ನಿಮ್ಮ ಸಂಯುಕ್ತದಾಗ ಹುಡುಕಬೇಕಾದದ್ದು ಮೂರು ಡಬಲ್ ಡಬ್ಲೆಟ್ (ನಾಲ್ಕಾಗಿ ಸೀಳಿದ ಪೀಕ್): 3.1, 3.8, 5.2 ಹತ್ರ. ಜೆ ಬೆಲೆ (ಆ ಸೀಳಿನ ಅಂತರ) ಸುಮಾರು 17, 12, 7 ಹರ್ಟ್ಜ್. ಇದು ಬಂದ್ರ ಉಂಗುರ ಮುಚ್ಚೇದ ಅಂತ ಖಾತ್ರಿ. ಒಂದು ತೊಡಕು ಅದ: 3.8ರದು ಮೆಥಾಕ್ಸಿ ಸಿಂಗ್ಲೆಟ್ (ಸೀಳದ ಒಂಟಿ ಪೀಕ್) ಕೆಳಗ ಮುಚ್ಚಿಹೋಗಬಹುದು. ಅಲ್ಲಿ ಇಂಟಿಗ್ರೇಷನ್ (ಪೀಕ್ ಹೇಳೋ ಪ್ರೋಟಾನ್ ಎಣಿಕೆ) 3ರ ಬದಲಿ 4 ಬಂದ್ರ ಗಾಬರಿ ಬ್ಯಾಡ. ಆರೋಮ್ಯಾಟಿಕ್ 13, ಒಟ್ಟು 19 ಪ್ರೋಟಾನ್. 6.7–6.8ಕ್ಕ ಚೂಪನೆ ಸಿಂಗ್ಲೆಟ್ ಇದ್ರ ಗಾಳಿಗೆ ಆಕ್ಸಿಡೈಸ್ ಆಗಿ ಪೈರಜೋಲ್ ಆಗೇದ. ಶುದ್ಧ ಆದದ್ದನ್ನ ಬೆಳಕಿಗೆ ಇಡಬ್ಯಾಡ್ರಿ, ಕಂದು ಬಾಟ್ಲಿಯೊಳಗ ಇಡ್ರಿ. ಕಾರ್ಬನ್‌ನಾಗ 43, 55, 64 ಮತ್ತ 147 ಹತ್ರದ ಪೀಕ್ ನೋಡ್ರಿ. ಮಾಸ್‌ನಾಗ (ಒಂದು ಪ್ರೋಟಾನ್ ಕೂಡಿದ ಎಂ+ಎಚ್ ಅಯಾನು) 363 ಮತ್ತ 365, 3:1 ಎತ್ತರ, ಕ್ಲೋರಿನ್ ಇರೋದಕ್ಕ.

ಐಆರ್ (ಇನ್‌ಫ್ರಾರೆಡ್ ಸ್ಪೆಕ್ಟ್ರಮ್) ಒಂದನ್ನ ನಂಬಿ ಕೂರಬ್ಯಾಡ್ರಿ. 1655ರ ಕಾರ್ಬೊನಿಲ್ ಹೋಗೇದ ಅಂತ ಹೇಳಬಹುದು, ಆದ್ರ ಹೊಸ ಸಿ=ಎನ್ 1600 ಹತ್ರ ಆರೋಮ್ಯಾಟಿಕ್ ಪೀಕ್ ಜೊತಿ ಬೆರೀತದ.

ಆರ್ಗ್ಯಾನಿಕ್_ನಾಲ್ಕನೇ_ಸೆಮ್

ತುಂಬಾ ಧನ್ಯವಾದ ಎಲ್ಲರಿಗೂ. ತೊಳೆದು ಸ್ಫಟಿಕ ಮಾಡುವುದನ್ನೇ ಮೊದಲು ಹಿಡಿಯುತ್ತೇನೆ. ಒಂದು ಅನುಮಾನ ಉಳಿದಿದೆ: ವರದಿಯಲ್ಲಿ ಇಳುವರಿ ಹೇಗೆ ಬರೆಯುವುದು, ಕ್ರೂಡ್ 1.2 ಗ್ರಾಂ ಲೆಕ್ಕದಲ್ಲಾ?

ಸ್ಫಟಿಕ_ಪ್ರಿಯೆ

ಶುದ್ಧ ಮಾಡಿ ಒಣಗಿಸಿದ ಮೇಲಿನ ತೂಕ ಮಾತ್ರ. ಚಾಲ್ಕೋನ್‌ನ ಅಣುತೂಕ 272.7, ಉತ್ಪನ್ನದ್ದು 362.9, ಹಾಗಾಗಿ 1 ಗ್ರಾಂಗೆ ಗರಿಷ್ಠ 1.33 ಗ್ರಾಂ. ಈಗಿನ 0.3 ಗ್ರಾಂ ಅಂದರೆ ಸುಮಾರು 22.5%. ಮಿಶ್ರ ಭಾಗದಿಂದ ಸಿಕ್ಕಿದ್ದನ್ನು ಮೆಲ್ಟಿಂಗ್ ಪಾಯಿಂಟ್ ಹೊಂದಿದರೆ ಕೂಡಿಸಿ. ಎನ್‌ಎಂಆರ್ ಬಂದಾಗ ಪ್ರಿಂಟ್ ಜೊತೆ ಎಫ್‌ಐಡಿ (ಯಂತ್ರದ ಮೂಲ ಡೇಟಾ) ಫೈಲನ್ನೂ ಕೇಳಿ ಪಡೆಯಿರಿ, ಆ ಮೂರು ಡಬಲ್ ಡಬ್ಲೆಟ್‌ಗಳನ್ನು ಹಿಗ್ಗಿಸಿ ಜೆ ಅಳೆಯಲು ಅದು ಬೇಕೇ ಬೇಕು.