ಸ್ಟೆಮ್ ಸೆಲ್ ಬೆಳೆಸೋಕೆ ಯಾವ ಜೆಲ್? ಬಳಸಿದವರು ಹೇಳಿ

ದಾವಣಗೆರೆ (ಪ್ರಶ್ನೆ): ಹಲ್ಲಿನ ತಿರುಳಿನಿಂದ ತೆಗೆದ ಸ್ಟೆಮ್ ಸೆಲ್‌ಗಳಿಂದ ಕಾರ್ಟಿಲೇಜ್ (ಮೃದ್ವಸ್ಥಿ) ಮಾಡಬೇಕು. ಜೆಲ್ ಒಳಗೇ ಬೆಳೆಸಿ ಅಂತ ಗೈಡ್ ಹೇಳಿದ್ದಾರೆ. ದುಡ್ಡು ಕಡಿಮೆ. ಮ್ಯಾಟ್ರಿಜೆಲ್, ಆಲ್ಜಿನೇಟ್, ಜೆಲ್‌ಮಾ ಈ ಮೂರು ಜೆಲ್‌ಗಳಲ್ಲಿ ಯಾವುದು ತಗೊಳ್ಳಲಿ?

ಬೆಂಗಳೂರು, ಪಿಎಚ್‌ಡಿ: ಮ್ಯಾಟ್ರಿಜೆಲ್ ಸಹವಾಸ ಬೇಡ. 10 ಎಂಎಲ್ ಬಾಟಲಿಗೆ ನನ್ನ ಜೆಆರ್‌ಎಫ್ ಫೆಲೋಶಿಪ್‌ನ ತಿಂಗಳ 37,000 ರೂಪಾಯಿ ಸಾಲಲಿಲ್ಲ. ಮೇಲೆ ಜಿಎಸ್‌ಟಿ, ಡ್ರೈ ಐಸ್ ಚಾರ್ಜು, ಡೆಲಿವರಿ ಚಾರ್ಜು. ಏಜೆಂಟ್ ಶುಕ್ರವಾರ ಸಂಜೆ ತಂದು ಗೇಟಿನಲ್ಲೇ ಇಟ್ಟು ಹೋಗಿದ್ದಾನೆ. ಸೋಮವಾರ ಡಬ್ಬ ಬಿಚ್ಚಿದರೆ ಡ್ರೈ ಐಸ್ ಚೂರೂ ಇಲ್ಲ, ಬಾಟಲಿಯೊಳಗೆ ಮೊಸರಿನ ಹಾಗೆ ಗಟ್ಟಿ. 10 ಡಿಗ್ರಿ ದಾಟಿದರೆ ಅದು ಹೆಪ್ಪುಗಟ್ಟುತ್ತೆ. ಬದಲಿ ಕೇಳಿದರೆ ‘ಸಹಿ ಆಗಿದೆಯಲ್ಲ’ ಅಂದರು. ಸಹಿ ಹಾಕಿದ್ದು ಗೇಟಿನ ಸೆಕ್ಯುರಿಟಿ! ಮತ್ತೆ ದುಡ್ಡು ಕೊಟ್ಟು ತರಿಸಿದೆವು, ಬೇರೆ ಲಾಟ್ (ಬ್ಯಾಚ್) ಬಂತು. ಇಲಿಯ ಗಡ್ಡೆಯಿಂದ ತೆಗೆಯೋ ಮಾಲು ಅದು. ಒಂದು ಲಾಟ್ ಇದ್ದ ಹಾಗೆ ಇನ್ನೊಂದಿರಲ್ಲ. ಹಳೇ ರಿಸಲ್ಟಿಗೂ ಹೊಸದಕ್ಕೂ ತಾಳೆಯೇ ಆಗಲಿಲ್ಲ.

ಮೈಸೂರು: ಕಣ್ಣು ಮುಚ್ಚಿಕೊಂಡು ಆಲ್ಜಿನೇಟ್ ತಗೊಳ್ಳಿ. ಪಾಚಿಯಿಂದ ಬರೋದು, ಅಗ್ಗ. ಕ್ಯಾಲ್ಸಿಯಂ ಕ್ಲೋರೈಡ್‌ಗೆ ಹನಿ ಹನಿ ಬಿಟ್ಟರೆ ಮಣಿ ರೆಡಿ. ಒಳಗೆ ಸೆಲ್‌ಗಳು ಗುಂಡಗೆ ಇರುತ್ತವೆ, ಕಾರ್ಟಿಲೇಜ್‌ಗೆ ಬೇಕಾದ್ದೂ ಅದೇ. ಕಾರ್ಟಿಲೇಜ್ ಆಗಿದೆಯಾ ಅಂತ ನೋಡೋಕೆ ಆಲ್ಶಿಯನ್ ಬ್ಲೂ ಬಣ್ಣ ಹಾಕಿದಾಗ ನಮ್ಮ ಮಣಿಗಳು ಹೇಗೆ ನೀಲಿಯಾದವು ಅಂತ ನೋಡಬೇಕಿತ್ತು.

ಮಂಗಳೂರು: ಸರ್, ಆಲ್ಜಿನೇಟ್ ತಾನೇ ಆಲ್ಶಿಯನ್ ಬ್ಲೂ ಹಿಡಿಯುತ್ತೆ! ಸೆಲ್ ಇಲ್ಲದ ಖಾಲಿ ಮಣಿಯನ್ನ ಹೋಲಿಕೆಗೆ ಕಂಟ್ರೋಲ್ ಇಟ್ಟಿದ್ರಾ? ಆಲ್ಜಿನೇಟ್‌ನಲ್ಲಿ ಸೆಲ್‌ಗೆ ಹಿಡಿದುಕೊಳ್ಳೋಕೆ ಏನೂ ಇಲ್ಲ, ಸೆಲ್ ಅಂಟಿಕೊಳ್ಳೋ ಹಾಗೆ ಆರ್‌ಜಿಡಿ ಪೆಪ್ಟೈಡ್ ಸೇರಿಸಲೇಬೇಕು. ನಮ್ಮ ಮಣಿಗಳು ಬೆಳಗಾಗೋದ್ರೊಳಗೆ ಕರಗಿದ್ದವು. ಆಮೇಲೆ ಜೆಲಟಿನ್‌ಗೆ ಮೆಥಾಕ್ರಿಲಿಕ್ ಅನ್‌ಹೈಡ್ರೈಡ್ ಹಾಕಿ ಜೆಲ್‌ಮಾ ನಾವೇ ಮಾಡಿಕೊಂಡೆವು. ವಾರವಿಡೀ 40 ಡಿಗ್ರಿಯಲ್ಲಿ ಡಯಾಲಿಸಿಸ್ (ಬ್ಯಾಗಿನಲ್ಲಿಟ್ಟು ಉಳಿದ ಕೆಮಿಕಲ್ ತೊಳೆಯೋದು), ನೀರು ಬದಲಿಸೋದೇ ಕೆಲಸ. ನಡುವೆ ಕರೆಂಟ್ ಹೋಗಿ ಬ್ಯಾಗಿನೊಳಗೇ ಗಟ್ಟಿಯಾಯ್ತು. ಆಮೇಲೆ ಒಣಗಿಸೋಕೆ ಬೇಕಾದ ಫ್ರೀಜ್ ಡ್ರೈಯರ್‌ಗೆ ಪಕ್ಕದ ಡಿಪಾರ್ಟ್‌ಮೆಂಟಿನ ಮುಂದೆ ಕೈಕಟ್ಟಿ ನಿಲ್ಲಬೇಕು. ಆದರೂ 405 ನ್ಯಾನೋಮೀಟರ್ ಬೆಳಕು ಬಿಟ್ಟಾಗ ಕೂತ ಜೆಲ್‌ನಲ್ಲಿ ಸೆಲ್‌ಗಳು ಕಾಲು ಚಾಚಿದ್ದವು.

ಮೈಸೂರು: ಕರಗಿದ್ದಕ್ಕೆ ಆಲ್ಜಿನೇಟನ್ನ ಬೈಬೇಡಿ. ಪಿಬಿಎಸ್‌ನಲ್ಲಿ (ಫಾಸ್ಫೇಟ್ ಇರೋ ಉಪ್ಪುನೀರು) ತೊಳೆದಿರ್ತೀರಿ, ಆ ಫಾಸ್ಫೇಟ್ ಮಣಿಯ ಕ್ಯಾಲ್ಸಿಯಂ ಎಳೆದುಕೊಂಡಿರುತ್ತೆ. ನಾವು ಬಣ್ಣ ಹಾಕಿದ್ದು ಪಿಎಚ್ 1ರಲ್ಲಿ, ಆಗ ಕಾರ್ಟಿಲೇಜ್‌ನ ಹಾಗೆ ಸಲ್ಫೇಟ್ ಇರೋದು ಮಾತ್ರ ನೀಲಿ ಆಗೋದು, ಆಲ್ಜಿನೇಟ್‌ನಲ್ಲಿ ಸಲ್ಫೇಟ್ ಇಲ್ಲ. ಖಾಲಿ ಮಣಿ ಬೆಳ್ಳಗೇ ಇತ್ತು. ಕಾಲು ಚಾಚಿದರೆ ಕಾರ್ಟಿಲೇಜ್ ಆಯ್ತಾ?

ಮಂಗಳೂರು: ಪಿಎಚ್ 1 ಅಂತ ಮೊದಲೇ ಬರೀಬೇಕಿತ್ತು. ನಿಮ್ಮ ಮಾತು ನಂಬಿ ಯಾರಾದ್ರೂ ಆಲ್ಜಿನೇಟೂ ನೀಲಿ ಆಗೋ ಪಿಎಚ್ 2.5ರಲ್ಲಿ ಹಾಕಿ ಥೀಸಿಸ್‌ನಲ್ಲಿ ಫೋಟೋ ಅಂಟಿಸಿದರೆ?

ದಾವಣಗೆರೆ: ಹಲ್ಲಿನ ತಿರುಳಿನ ಸೆಲ್‌ನಲ್ಲಿ ಯಾರಾದ್ರೂ ಮಾಡಿದ್ದೀರಾ? ಸೆಲ್ ಹೊರಗೆ ತೆಗೆಯುವಾಗ ಮಣಿ ಕರಗಿಸೋಕೆ ಏನು ಹಾಕ್ತೀರಿ?

ಮೈಸೂರು: 55 ಮಿಲಿಮೋಲಾರ್ ಸೋಡಿಯಂ ಸಿಟ್ರೇಟ್, ಜೊತೆಗೆ 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್. ನಮ್ಮದು ಮೂಳೆ ಮಜ್ಜೆಯ ಸೆಲ್.

ಬೆಂಗಳೂರು, ಪಿಎಚ್‌ಡಿ: ಯಾವುದೇ ತರಿಸಿ, ಶುಕ್ರವಾರ ಡೆಲಿವರಿ ಬೇಡ ಅಂತ ಆರ್ಡರಿನಲ್ಲೇ ಬರೆಸಿ.